ಅಟ್ಲಾಂಟಿಕ್ ದಾಟಲು ಬಿಸಿನೆಸ್ ಕ್ಲಾಸ್: ಕಾಸರಗೋಡಿನಿಂದ ಹೊರಡುವವರು ಯಾವುದನ್ನು ಆರಿಸಬೇಕು?

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಈ ಮಾತು ನಡೆಯುತ್ತಿರುತ್ತದೆ. ಮಗಳು ನ್ಯೂಜೆರ್ಸಿಯಲ್ಲೋ ಬಾಸ್ಟನ್‌ನಲ್ಲೋ ಇದ್ದಾಳೆ. ಬಾಣಂತನಕ್ಕೆ ಅಮ್ಮ ಹೋಗಬೇಕು, ಜೊತೆಗೆ ಅಪ್ಪನೂ. ಅಮ್ಮನಿಗೆ ಮೊಣಕಾಲು ನೋವು, ಅಪ್ಪನಿಗೆ ಬಿ.ಪಿ. ಈ ಸಲ ಬಿಸಿನೆಸ್ ಕ್ಲಾಸ್ ಮಾಡಿಸ್ತೇನೆ, ಮಲಗಿಕೊಂಡೇ ಹೋಗಬಹುದು ಅಂತ ಮಗಳು ಹೇಳುತ್ತಾಳೆ. ಅಷ್ಟೆಲ್ಲ ದುಡ್ಡು ಸುಮ್ನೆ ಯಾಕೆ ಅಂತ ಅಪ್ಪ ಹೇಳುತ್ತಾರೆ. ಮಾಮೂಲು ಎಕಾನಮಿ ಸೀಟಿಗಿಂತ ಮೂರು ನಾಲ್ಕು ಪಟ್ಟು ದರ ಅಂದ್ರೆ ಸಣ್ಣ ಮಾತಲ್ಲ. ಅಷ್ಟು ಕೊಟ್ಟ ಮೇಲೆ ಅದಕ್ಕೆ ತಕ್ಕ ಆರಾಮ ಸಿಗಬೇಕು ಅಲ್ವಾ?

ಹೆಚ್ಚಿನವರು ಕೇಳುವ ಪ್ರಶ್ನೆ "ಯಾವ ಕಂಪನಿ ಒಳ್ಳೇದು?" ಎಂದು. ನನ್ನ ಅಭಿಪ್ರಾಯದಲ್ಲಿ ಅದನ್ನು ಕೊನೆಗೆ ಕೇಳಬೇಕು. ರಾತ್ರಿ ಯಾವ ಹಾರಾಟದಲ್ಲಿ ಬರುತ್ತದೆ, ಆ ಹಾರಾಟಕ್ಕೆ ಯಾವ ವಿಮಾನ ಹಾಕಿದ್ದಾರೆ, ಅದರ ಸೀಟು ಹೇಗಿದೆ, ನಡುವೆ ವಿಮಾನ ಬದಲಿಸುವ ಜಾಗ ವಯಸ್ಸಾದವರಿಗೆ ಎಷ್ಟು ಸುಲಭ ಅನ್ನುವುದು ಮೊದಲು. ಒಂದೇ ಕಂಪನಿಯ ಒಂದು ವಿಮಾನದಲ್ಲಿ ಸುಖವಾಗಿ ಮಲಗಬಹುದು, ಇನ್ನೊಂದರಲ್ಲಿ ಪಕ್ಕದವರ ಕಾಲು ದಾಟಿ ಶೌಚಾಲಯಕ್ಕೆ ಹೋಗಬೇಕಾದೀತು. ಎರಡಕ್ಕೂ ಟಿಕೆಟ್ ದರ ಹೆಚ್ಚುಕಡಿಮೆ ಒಂದೇ.

ರಾತ್ರಿ ಎಲ್ಲಿ ಬರುತ್ತದೆ ನೋಡಿ

ಮಂಗಳೂರಿನಿಂದಾಗಲಿ ಕಣ್ಣೂರಿನಿಂದಾಗಲಿ ಅಮೆರಿಕಕ್ಕೆ ನೇರ ವಿಮಾನ ಇಲ್ಲ. ಎರಡು ಕಡೆಯೂ ದಿನನಿತ್ಯ ಹಾರುವುದು ನಮ್ಮ ದೇಶದ ಕಂಪನಿಗಳೇ. ಹಾಗಾಗಿ ನಮಗೆ ಮುಖ್ಯವಾಗಿ ಎರಡು ದಾರಿ. ಬೆಂಗಳೂರು ಅಥವಾ ಮುಂಬೈಗೆ ಹೋಗಿ, ಅಲ್ಲಿಂದ ಲಂಡನ್, ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಂಥ ಯುರೋಪಿನ ಒಂದು ಊರು, ಅಲ್ಲಿಂದ ಅಟ್ಲಾಂಟಿಕ್ ದಾಟುವುದು ಒಂದು. ದುಬೈ, ದೋಹಾ ಅಥವಾ ಅಬುಧಾಬಿಯಲ್ಲಿ ಬದಲಿಸಿ ಅಲ್ಲಿಂದ ಒಂದೇ ಹಾರಾಟದಲ್ಲಿ ಅಮೆರಿಕ ಮುಟ್ಟುವುದು ಇನ್ನೊಂದು. ದೆಹಲಿಗೆ ಹೋಗಿ ಏರ್ ಇಂಡಿಯಾದಲ್ಲಿ ನೇರ ನ್ಯೂಯಾರ್ಕ್‌ಗೆ ಹೋಗುವವರೂ ಇದ್ದಾರೆ.

ಯುರೋಪಿನ ದಾರಿಯಲ್ಲಿ ಬೆಂಗಳೂರಿನಿಂದ ಮೊದಲ ಹಾರಾಟ ಸುಮಾರು ಹತ್ತು ಗಂಟೆ. ಹೆಚ್ಚಿನವು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಅಂದ್ರೆ ನಿದ್ದೆಯ ಹೊತ್ತು ಪೂರ್ತಿ ಅಲ್ಲೇ ಕಳೆಯುತ್ತದೆ. ಯುರೋಪಿನಲ್ಲಿ ಇಳಿದಾಗ ಬೆಳಗಾಗಿರುತ್ತದೆ. ಮುಂದೆ ಅಟ್ಲಾಂಟಿಕ್ ದಾಟುವ ಎಂಟು ಒಂಬತ್ತು ಗಂಟೆ ಪೂರ್ತಿ ಹಗಲು. ಪಶ್ಚಿಮಕ್ಕೆ ಹಾರುವಾಗ ಹೊತ್ತು ಮುಳುಗುವುದೇ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಲಂಡನ್ ಬಿಟ್ಟವರು ಅಲ್ಲಿನ ಮಧ್ಯಾಹ್ನ ಎರಡರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಇಳಿದಿರುತ್ತಾರೆ. ಈ ಹಾರಾಟದಲ್ಲಿ ಹಾಸಿಗೆ ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆಯುತ್ತದೆ.

ಕಷ್ಟ ಇರುವುದು ವಾಪಸ್ ಬರುವಾಗ. ನ್ಯೂಯಾರ್ಕ್‌ನಿಂದ ಯುರೋಪಿಗೆ ಬರುವ ಹೆಚ್ಚಿನ ವಿಮಾನಗಳು ಸಂಜೆಯ ಮೇಲೆ ಹೊರಡುತ್ತವೆ. ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎನ್ನುವ ಜೋರು ಗಾಳಿ ಬೀಸುತ್ತದೆ. ಅದು ವಿಮಾನವನ್ನು ಹಿಂದಿನಿಂದ ನೂಕುತ್ತದೆ. ಹಾಗಾಗಿ ಲಂಡನ್‌ಗೆ ಆರೂವರೆ ಏಳು ಗಂಟೆ ಸಾಕು. ಬಾಸ್ಟನ್‌ನಿಂದಾದರೆ ಇನ್ನೂ ಕಡಿಮೆ. ಏರಿದ ಮೇಲೆ ಊಟಕ್ಕೆ ಒಂದೂವರೆ ಗಂಟೆ, ಇಳಿಯುವ ಮೊದಲು ತಿಂಡಿಗೆ ಒಂದು ಗಂಟೆ ಹೋಯಿತು ಅಂದ್ರೆ ಮಲಗಲು ಸಿಗುವುದು ನಾಲ್ಕು ಗಂಟೆ. ಅದೂ ಅಮೆರಿಕದ ಗಡಿಯಾರಕ್ಕೆ ಇನ್ನೂ ಮಲಗುವ ಹೊತ್ತೇ ಆಗಿರುವುದಿಲ್ಲ. ಕಣ್ಣು ಉರಿಯುತ್ತಿರುವಾಗಲೇ ಯುರೋಪಿನಲ್ಲಿ ಇಳಿದು, ಕಾದು, ಮತ್ತೆ ಹತ್ತು ಗಂಟೆ ಬೆಂಗಳೂರಿಗೆ ಹಾರಬೇಕು. ಅರುವತ್ತೈದು ದಾಟಿದವರಿಗೆ ಇಡೀ ಪ್ರಯಾಣದಲ್ಲಿ ಅತಿ ಸುಸ್ತಾಗುವುದು ಇಲ್ಲೇ.

ಇದರಿಂದ ಎರಡು ವಿಷಯ ಹೇಳಬಹುದು. ಒಂದು, ದುಡ್ಡು ಅರ್ಧ ದಾರಿಗೆ ಮಾತ್ರ ಸಾಲುತ್ತದೆ ಎಂದಾದರೆ ಹೋಗುವಾಗ ಬೆಂಗಳೂರು–ಯುರೋಪ್ ಹಾರಾಟಕ್ಕೆ, ಬರುವಾಗ ಅಟ್ಲಾಂಟಿಕ್ ಹಾರಾಟಕ್ಕೆ ಬಿಸಿನೆಸ್ ಕ್ಲಾಸ್ ತೆಗೆದುಕೊಳ್ಳಿ. ಉಳಿದ ಹಗಲು ಹಾರಾಟಗಳಿಗೆ ಪ್ರೀಮಿಯಂ ಎಕಾನಮಿ (ಎಕಾನಮಿಗಿಂತ ಸ್ವಲ್ಪ ಅಗಲದ ಸೀಟು) ಸಾಕು. ಒಂದೇ ಟಿಕೆಟ್‌ನಲ್ಲಿ ಹೀಗೆ ಬೇರೆ ಬೇರೆ ಕ್ಲಾಸ್ ಹಾಕಿಸಲು ಆಗುತ್ತದೆ. ವೆಬ್‌ಸೈಟಿನಲ್ಲಿ ಸುಲಭವಾಗಿ ಕಾಣದೇ ಇರಬಹುದು, ಟ್ರಾವೆಲ್ಸ್‌ನವರನ್ನು ಬಿಡದೆ ಕೇಳಿ. ಎರಡು, ವಾಪಸ್ ಬರುವಾಗ ಸ್ವಲ್ಪ ದೂರದ ಯುರೋಪಿನ ಊರು ಒಳ್ಳೇದು. ಲಂಡನ್‌ಗಿಂತ ಫ್ರಾಂಕ್‌ಫರ್ಟ್, ಮ್ಯೂನಿಕ್, ಜ್ಯೂರಿಕ್ ಸುಮಾರು ಒಂದು ಗಂಟೆ ಜಾಸ್ತಿ. ಆ ಒಂದು ಗಂಟೆ ಪೂರ್ತಿ ನಿದ್ದೆಗೇ ಸಿಗುತ್ತದೆ. ಬೇಗ ತಲುಪುವ ವಿಮಾನವನ್ನೇ ಹುಡುಕುವ ಅಭ್ಯಾಸ ನಮಗಿದೆ, ರಾತ್ರಿಯ ಹಾರಾಟದಲ್ಲಿ ಅದು ಲಾಭವಲ್ಲ.

ಲಂಡನ್ ದಾರಿಯೇ ಆಗಬೇಕು ಎಂದಾದರೆ ಊಟವನ್ನು ಲೌಂಜ್‌ನಲ್ಲೇ (ವಿಮಾನ ನಿಲ್ದಾಣದಲ್ಲಿ ಬಿಸಿನೆಸ್ ಕ್ಲಾಸಿನವರಿಗಿರುವ ವಿಶ್ರಾಂತಿ ಕೋಣೆ) ಮುಗಿಸಿ ಹತ್ತಲು ಹೇಳಿ. ನ್ಯೂಯಾರ್ಕ್‌ನ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ ಬ್ರಿಟಿಷ್ ಏರ್‌ವೇಸ್ 2022ರ ಡಿಸೆಂಬರ್‌ನಿಂದ ಟರ್ಮಿನಲ್ 8ರಲ್ಲಿದೆ, ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿ ನಡೆಸುವ ಲೌಂಜ್‌ಗಳು ಅಲ್ಲಿವೆ. ನ್ಯೂಜೆರ್ಸಿಯ ನ್ಯೂಆರ್ಕ್ ನಿಲ್ದಾಣದಲ್ಲಿ ಅಮೆರಿಕದ ಯುನೈಟೆಡ್ ಕಂಪನಿಯ ಪೊಲಾರಿಸ್ ಲೌಂಜ್ ಇದೆ, ಅಲ್ಲಿ ಕೂತು ತಟ್ಟೆಯಲ್ಲಿ ಬಡಿಸಿದ ಊಟ ಮಾಡಬಹುದು. ಹತ್ತಿದ ಕೂಡಲೇ "ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ" ಅಂತ ಗಗನಸಖಿಯರಿಗೆ ಹೇಳಿಬಿಟ್ಟರೆ ಆಯ್ತು. ಇಂಗ್ಲಿಷ್ ಅಷ್ಟಾಗಿ ಬರದ ಅಮ್ಮನಿಗೆ ಈ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದು ಕೊಟ್ಟರೂ ಸಾಕು.

ಸೀಟಿನ ನಕ್ಷೆಯೇ ಅಸಲಿ ವಿಷಯ

ಬುಕ್ ಮಾಡುವಾಗ ವಿಮಾನದ ಮಾದರಿ ಬರೆದಿರುತ್ತದೆ: ಬೋಯಿಂಗ್ 777, 787, ಏರ್‌ಬಸ್ ಎ350, ಎ330 ಹೀಗೆ. ಅದರ ಪಕ್ಕದಲ್ಲೇ ಸೀಟಿನ ನಕ್ಷೆ ತೆರೆಯಬಹುದು. ಅಡ್ಡ ಸಾಲಿನಲ್ಲಿ ಸೀಟುಗಳು 1-2-1 (ಅಡ್ಡಗೆರೆ ಇರುವ ಕಡೆ ಓಡಾಡುವ ದಾರಿ) ಇದ್ದರೆ ಪ್ರತಿಯೊಬ್ಬರಿಗೂ ಓಡಾಡುವ ದಾರಿಗೆ ನೇರ ಇಳಿಯಲು ಆಗುತ್ತದೆ. 2-2-2 ಇದ್ದರೆ ಕಿಟಕಿ ಬದಿಯವರು ಪಕ್ಕದವರನ್ನು ದಾಟಬೇಕು. 2-3-2 ಇದ್ದರೆ ನಡುವೆ ಸಿಕ್ಕಿಬಿದ್ದವರ ಪಾಡು ಹೇಳುವುದು ಬೇಡ. ಅಷ್ಟು ದುಡ್ಡು ಕೊಟ್ಟು ಆ ನಡು ಸೀಟು ತೆಗೆದುಕೊಳ್ಳಲೇಬೇಡಿ.

ಬ್ರಿಟಿಷ್ ಏರ್‌ವೇಸ್ 2000ದಲ್ಲಿ ಬಿಸಿನೆಸ್ ಕ್ಲಾಸಿಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಿತು. ಒಬ್ಬರು ಮುಂದಕ್ಕೆ, ಇನ್ನೊಬ್ಬರು ಹಿಂದಕ್ಕೆ ಮುಖ ಮಾಡಿ ಕೂರುವ ಸೀಟು ಅದು. ಆಗ ದೊಡ್ಡ ಸುದ್ದಿ, ಈಗ ಹಳತು. 2019ರಲ್ಲಿ ಎ350 ವಿಮಾನದ ಜೊತೆ ಅವರ ಕ್ಲಬ್ ಸ್ವೀಟ್ ಬಂತು. 1-2-1, ಬಾಗಿಲು ಉಂಟು, ಸಾಮಾನು ಇಡಲು ಜಾಗ ಉಂಟು. ಎ350, 787-10 ಮತ್ತು ಹೆಚ್ಚಿನ 777ಗಳಲ್ಲಿ ಇದೇ ಇದೆ. ಆದರೆ ಹಳೇ ಸೀಟು ಪೂರ್ತಿ ಹೋಗಿಲ್ಲ. ಅಗಲದ ವಿಮಾನದಲ್ಲಿ ಒಂದು ಸಾಲಿಗೆ ಎಂಟು ಜನ ಕೂರುವ ಆ ವ್ಯವಸ್ಥೆಯಲ್ಲಿ ಕೆಲವರು ಮಲಗಿದವರ ಕಾಲು ದಾಟಿಯೇ ಎದ್ದು ಬರಬೇಕು. ಮೊಣಕಾಲು ನೋವಿನ ಅಮ್ಮನಿಗೆ ಇದು ಆಗುವ ಕೆಲಸವಲ್ಲ. ನಕ್ಷೆಯಲ್ಲಿ 1-2-1 ಕಂಡರೆ ಮಾತ್ರ ಬ್ರಿಟಿಷ್ ಏರ್‌ವೇಸ್ ತೆಗೆದುಕೊಳ್ಳಿ. ಇನ್ನೊಂದು ಮಾತು, ಇವರಲ್ಲಿ ಕಡಿಮೆ ದರದ ಬಿಸಿನೆಸ್ ಟಿಕೆಟ್ ಇದ್ದರೂ ಮೊದಲೇ ಸೀಟು ಆರಿಸಲು ಬೇರೆ ದುಡ್ಡು ಕೇಳುತ್ತಾರೆ. ಚೆಕ್‌ಇನ್ ತೆರೆದ ಮೇಲೆ ಪುಕ್ಕಟೆ. ಗಂಡ ಹೆಂಡತಿ ಒಟ್ಟಿಗೆ ಕೂರಲೇಬೇಕು ಎಂದಾದರೆ ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ವರ್ಜಿನ್ ಅಟ್ಲಾಂಟಿಕ್ 2024ರ ಮಾರ್ಚ್ ಕೊನೆಯಿಂದ ಬೆಂಗಳೂರು–ಲಂಡನ್ ಹಾರುತ್ತಿದೆ. ಅವರ ಬಿಸಿನೆಸ್ ಕ್ಲಾಸಿಗೆ ಅಪ್ಪರ್ ಕ್ಲಾಸ್ ಎಂದು ಹೆಸರು. ಎ350 ಮತ್ತು ಎ330ನಿಯೋದಲ್ಲಿ ಸೀಟು ಹೊಸತು, ಚೆನ್ನಾಗಿದೆ. 787ರಲ್ಲಿ ಹಳೇ ಸೀಟು: ಮುಖ ದಾರಿಯ ಕಡೆಗೆ, ಬೆನ್ನು ಕಿಟಕಿಗೆ. ಅದನ್ನು ಹಾಸಿಗೆ ಮಾಡಲು ಎದ್ದು ನಿಂತು ಮಡಚಿ ತಿರುಗಿಸಬೇಕು. ಗಗನಸಖಿಯರು ಮಾಡಿಕೊಡುತ್ತಾರೆ, ಆದರೆ ರಾತ್ರಿ ಒಮ್ಮೆ ಕೂರಬೇಕು, ಒಮ್ಮೆ ಮಲಗಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ.

ಜರ್ಮನಿಯ ಲುಫ್ತಾನ್ಸಾ ವಿಷಯದಲ್ಲಿ ನಾನು ಎಲ್ಲರ ಹಾಗೆ ಬೈಯುವುದಿಲ್ಲ. ಅವರ ಹಳೇ ಸೀಟು 2-2-2, ಜೋಡಿಯ ಎರಡೂ ಸೀಟುಗಳ ಕಾಲಿನ ಕಡೆ ಹತ್ತಿರ ಹತ್ತಿರ ಬರುತ್ತದೆ. ಅಪರಿಚಿತರ ಪಕ್ಕ ಇದು ಮುಜುಗರ. ಆದರೆ ಅಪ್ಪ ಅಮ್ಮ ಇಬ್ಬರೇ ಹೋಗುವಾಗ ಯುರೋಪಿನ ಕಂಪನಿಗಳಲ್ಲಿ ಇದರಷ್ಟು ಅನುಕೂಲ ಬೇರೆಯದರಲ್ಲಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಅಮ್ಮ ದಾರಿ ಬದಿಗೆ, ಅಪ್ಪ ಕಿಟಕಿಗೆ. ಪರದೆ ಹೇಗೆ ಹಾಕುವುದು, ಟಿವಿ ಹೇಗೆ ತಿರುಗಿಸುವುದು, ಮಾತ್ರೆ ಎಲ್ಲಿದೆ ಎಲ್ಲವನ್ನೂ ಕೈ ಚಾಚಿ ಕೇಳಬಹುದು. ಗೋಡೆ, ಬಾಗಿಲು ಇರುವ ಹೊಸ ಸೀಟುಗಳಲ್ಲಿ ಹೆಚ್ಚಾಗಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಜೀವನದಲ್ಲಿ ಮೊದಲ ಸಲ ವಿಮಾನದಲ್ಲಿ ಮಲಗುವವರಿಗೆ ಅದು ಧೈರ್ಯ ಕೊಡುವುದಿಲ್ಲ. ಲುಫ್ತಾನ್ಸಾದ ಹೊಸ ಸೀಟು ಅಲೆಗ್ರಿಸ್ 2024ರ ಮೇ ತಿಂಗಳಲ್ಲಿ ಮ್ಯೂನಿಕ್‌ನ ಎ350 ವಿಮಾನಗಳಲ್ಲಿ ಶುರುವಾಯಿತು. ಅದರಲ್ಲಿ ಹಲವು ಬಗೆಯ ಸೀಟು, ಒಳ್ಳೆಯವಕ್ಕೆ ಬೇರೆ ದರ.

ಏರ್ ಫ್ರಾನ್ಸ್‌ನ 777-300ಇಆರ್ ವಿಮಾನಗಳಲ್ಲಿ ಬಾಗಿಲಿರುವ ಹೊಸ ಸೀಟು ಬಂದಿದೆ. ನಡುವಿನ ಜೋಡಿಯಲ್ಲಿ ಅಡ್ಡಗೋಡೆ ಇಳಿಸಿದರೆ ಇಬ್ಬರೂ ಮಾತಾಡಬಹುದು. ಡಚ್ ಕಂಪನಿ ಕೆಎಲ್‌ಎಂನ 777ಗಳಲ್ಲೂ 1-2-1 ಇದೆ. ಕೆಎಲ್‌ಎಂ ಬಿಸಿನೆಸ್ ಕ್ಲಾಸಿನವರಿಗೆ ಇಳಿಯುವ ಮೊದಲು ಡೆಲ್ಫ್ಟ್ ಶೈಲಿಯ ನೀಲಿ ಬಿಳಿ ಪಿಂಗಾಣಿಯ ಪುಟ್ಟ ಮನೆಯೊಂದನ್ನು ಕೊಡುತ್ತಾರೆ, ಪ್ರತಿ ವರ್ಷ ಅಕ್ಟೋಬರ್ 7ಕ್ಕೆ ಹೊಸ ಮನೆ ಸೇರುತ್ತದೆ. ಒಳಗೆ ಜೆನೆವರ್ ಎಂಬ ಡಚ್ ಮದ್ಯ ಇರುತ್ತದೆ ಎಂಬುದನ್ನು ಮಡಿಯ ಅಜ್ಜಿಯಂದಿರಿಗೆ ಮೊದಲೇ ಹೇಳಿಬಿಡುವುದು ಒಳ್ಳೇದು.

ಅಮೆರಿಕದ ಕಂಪನಿಗಳಲ್ಲಿ ಯುನೈಟೆಡ್‌ನ ಪೊಲಾರಿಸ್ ಸೀಟು ಸಾಧಾರಣ ಅಗಲ, ಆದರೆ ಹಾಸಿಗೆ ಹೊದಿಕೆ ಬಹಳ ಚೆನ್ನಾಗಿದೆ. ನ್ಯೂಜೆರ್ಸಿಗೆ ಹೋಗುವವರಿಗೆ ನ್ಯೂಆರ್ಕ್‌ನಲ್ಲೇ ಇಳಿಸುತ್ತದೆ, ಅಲ್ಲಿನ ಎಡಿಸನ್ ಊರಿನ ಕಡೆಯವರಿಗೆ ಇದು ದೊಡ್ಡ ಅನುಕೂಲ. ಡೆಲ್ಟಾದಲ್ಲಿ ಎ350 ಮತ್ತು ಎ330ನಿಯೋ ಇದ್ದರೆ ಸೈ, ಬೋಯಿಂಗ್ 767 ಬಂದರೆ ಬೇರೆ ವಿಮಾನ ನೋಡಿ, ಅದರ ಸೀಟು ಇಕ್ಕಟ್ಟು. ಜೆಟ್‌ಬ್ಲೂ ಮಿಂಟ್ 2021ರಿಂದ ಲಂಡನ್‌ಗೆ ಸಣ್ಣ ಎ321 ವಿಮಾನದಲ್ಲಿ ಹಾರುತ್ತದೆ, ಸಾಲಿಗೆ ಇಬ್ಬರೇ. ಪ್ಯಾರಿಸ್ ಓರ್ಲಿಯಿಂದ ನ್ಯೂಆರ್ಕ್‌ಗೆ ಲಾ ಕಂಪನಿ ಎನ್ನುವವರು 76 ಸೀಟಿನ, ಪೂರ್ತಿ ಬಿಸಿನೆಸ್ ಕ್ಲಾಸೇ ಇರುವ ವಿಮಾನ ನಡೆಸುತ್ತಾರೆ. ಇವೆರಡೂ ಅಮೆರಿಕದಲ್ಲೇ ಇರುವ ಮಕ್ಕಳಿಗೆ, ಯುರೋಪ್ ತಿರುಗಲು ಹೋಗುವಾಗ ಒಳ್ಳೇದು. ಊರಿನಿಂದ ಹೊರಡುವವರಿಗೆ ಅಷ್ಟಾಗಿ ಉಪಯೋಗವಿಲ್ಲ.

ಒಂದು ವಿಷಯ ಜಾಹೀರಾತಿನಲ್ಲಿ ಎಲ್ಲೂ ಬರುವುದಿಲ್ಲ, ಕಾಲಿಡುವ ಗೂಡು. ಹೊಸ ಸೀಟುಗಳಲ್ಲಿ ಹಾಸಿಗೆ ಬಿಚ್ಚಿದಾಗ ಮೊಣಕಾಲಿನಿಂದ ಕೆಳಗಿನ ಭಾಗ ಮುಂದಿನ ಸೀಟಿನ ಪಕ್ಕದ ಮೇಜಿನ ಅಡಿಗೆ, ಒಂದು ಗೂಡಿನೊಳಗೆ ಹೋಗುತ್ತದೆ. ಗೂಡು ತುದಿಗೆ ಹೋದಂತೆ ಕಿರಿದಾಗುತ್ತದೆ. ಅಂಗಾತ ಮಲಗಿದರೆ ಪಾದಗಳು ಜೋಡಿಸಿಟ್ಟ ಹಾಗೇ ಇರಬೇಕು. ಮಗ್ಗುಲು ತಿರುಗಿದರೆ ಮೊಣಕಾಲು ಗೂಡಿನ ಅಂಚಿಗೆ ತಾಗುತ್ತದೆ. ನಮ್ಮ ಚಿಕ್ಕಮ್ಮ ಕಾಲು ಬಾವು ಇರುವವರು, ಹೀಗೆ ರಾತ್ರಿಯಿಡೀ ಕಾಲು ಎಳೆದುಕೊಂಡು ಮುದುಡಿ ಮಲಗಿದ್ದರು. ರೈಲಿನ ಸೈಡ್ ಲೋವರ್ ಬರ್ತೇ ಇದಕ್ಕಿಂತ ಅಗಲ ಅಂತ ಅವರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಇದಕ್ಕೆ ಪರಿಹಾರ ಸರಳ. ಮೊದಲ ಸಾಲಿನ ಸೀಟಿನ ಮುಂದೆ ಇನ್ನೊಂದು ಸೀಟು ಇಲ್ಲದ ಕಾರಣ ಅಲ್ಲಿ ಗೂಡು ಹೆಚ್ಚಾಗಿ ಅಗಲ ಇರುತ್ತದೆ. ಅಲ್ಲಿ ಅಡಿಗೆಮನೆಯ ಸದ್ದು, ಬೆಳಕು ಇದೆಯೇ ಎಂದು ನಕ್ಷೆಯಲ್ಲಿ ನೋಡಿ. ಇದ್ದರೂ ಕಾಲು ನೋವಿನವರಿಗೆ ನಾನು ಮೊದಲ ಸಾಲನ್ನೇ ಹೇಳುತ್ತೇನೆ, ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಂಡರಾಯ್ತು.

ಗಲ್ಫ್ ದಾರಿ

ಕಾಸರಗೋಡಿನವರಿಗೆ ಗಲ್ಫ್ ಅಂದ್ರೆ ಹೊಸ ಜಾಗವಲ್ಲ. ಎಷ್ಟೋ ಮನೆಗಳಿಗೆ ದುಬೈ ವಿಮಾನ ನಿಲ್ದಾಣ ಮಂಗಳೂರಿನಷ್ಟೇ ಪರಿಚಯ. ನಿದ್ದೆಯ ಲೆಕ್ಕದಲ್ಲೂ ಈ ದಾರಿ ಗೆಲ್ಲುತ್ತದೆ. ದೋಹಾ, ದುಬೈ, ಅಬುಧಾಬಿಯಿಂದ ನ್ಯೂಯಾರ್ಕ್‌ಗೆ ಸುಮಾರು ಹದಿನಾಲ್ಕು ಗಂಟೆ, ವಾಪಸ್ ಬರಲು ಹನ್ನೆರಡು ಹದಿಮೂರು. ಊಟ ಎರಡು ಸಲ ಮಾಡಿದರೂ ಏಳೆಂಟು ಗಂಟೆ ಒಂದೇ ಸಮ ಮಲಗಬಹುದು. ಕೊಟ್ಟ ದುಡ್ಡಿಗೆ ಹಾಸಿಗೆ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಊರಿನಿಂದ ಗಲ್ಫ್ ತನಕದ ನಾಲ್ಕು ಗಂಟೆಗೆ ಎಕಾನಮಿ ಸಾಕು. ಅಲ್ಲಿಂದ ಮುಂದಕ್ಕೆ ಮಾತ್ರ ಬಿಸಿನೆಸ್ ಕೇಳಿ ನೋಡಿ.

ಕತಾರ್ ಏರ್‌ವೇಸ್‌ನ ಕ್ಯೂಸ್ವೀಟ್ 2017ರಲ್ಲಿ ಬಂತು. ಬಾಗಿಲಿರುವ ಸೀಟು, ನಡುವಿನ ಕೆಲವು ಜೋಡಿಗಳನ್ನು ಸೇರಿಸಿ ಇಬ್ಬರ ಹಾಸಿಗೆ ಮಾಡಬಹುದು. ವಯಸ್ಸಾದ ದಂಪತಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಕಂಡಿಲ್ಲ. ಆದರೆ ಅವರ ಎಲ್ಲ ವಿಮಾನಗಳಲ್ಲೂ ಇದು ಇಲ್ಲ, ನಕ್ಷೆ ನೋಡಿಯೇ ಖಚಿತ ಮಾಡಿಕೊಳ್ಳಿ. ದುಬೈಯ ಎಮಿರೇಟ್ಸ್‌ನಲ್ಲಿ ಎ380 ಹುಡುಕಿ. ಬಿಸಿನೆಸ್ ಕ್ಲಾಸ್ ಮಹಡಿಯಲ್ಲಿರುತ್ತದೆ, 1-2-1. ಅವರ ಹಳೇ 777ಗಳಲ್ಲಿ 2-3-2 ಇನ್ನೂ ಇದೆ. ಹೊಸದಾಗಿ ಮಾಡಿಸಿದವುಗಳಲ್ಲಿ 1-2-1. ಎಮಿರೇಟ್ಸ್ ದುಬೈಯಿಂದ ಮಿಲಾನ್‌ಗೆ ಹೋಗಿ ಅಲ್ಲಿಂದ ನ್ಯೂಯಾರ್ಕ್‌ಗೆ, ಅಥೆನ್ಸ್‌ಗೆ ಹೋಗಿ ಅಲ್ಲಿಂದ ನ್ಯೂಆರ್ಕ್‌ಗೆ ಹಾರುವ ವಿಮಾನಗಳನ್ನೂ ನಡೆಸುತ್ತದೆ. ದರ ಕೆಲವೊಮ್ಮೆ ಕಡಿಮೆ ಇರಬಹುದು, ಆದರೆ ನಡುವೆ ಇಳಿದು ಹತ್ತುವ ಕೆಲಸ ಸೇರುತ್ತದೆ, ನಿದ್ದೆಯೂ ಎರಡು ತುಂಡಾಗುತ್ತದೆ. ಹಿರಿಯರಿಗೆ ಬೇಡ.

ಅಪ್ಪ ಅಮ್ಮ ಇಬ್ಬರೇ ಹೋಗುವುದಾದರೆ ನಾನು ಮೊದಲು ಹೇಳುವುದು ಅಬುಧಾಬಿಯ ಎತಿಹಾದ್. ಕಾರಣ ಸೀಟಲ್ಲ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಇಮಿಗ್ರೇಷನ್ ಕಚೇರಿಯೇ ಇದೆ. ಪಾಸ್‌ಪೋರ್ಟ್ ನೋಡುವುದು, ಬೆರಳಚ್ಚು, ಪ್ರಶ್ನೆ ಕೇಳುವುದು, ಕಸ್ಟಮ್ಸ್ ಎಲ್ಲ ವಿಮಾನ ಹತ್ತುವ ಮೊದಲೇ ಮುಗಿಯುತ್ತದೆ. ನ್ಯೂಯಾರ್ಕ್, ಚಿಕಾಗೊ, ವಾಷಿಂಗ್ಟನ್, ಬಾಸ್ಟನ್‌ನಲ್ಲಿ ಇಳಿದವರು ಅಲ್ಲಿನ ದೇಶೀಯ ವಿಮಾನದಲ್ಲಿ ಬಂದವರ ಹಾಗೆ ಬ್ಯಾಗ್ ತೆಗೆದುಕೊಂಡು ಹೊರಗೆ ನಡೆದರಾಯ್ತು. ಹದಿನಾಲ್ಕು ಗಂಟೆ ಹಾರಿ, ಕಾಲು ಊದಿ, ಜೆಎಫ್‌ಕೆಯ ಉದ್ದದ ಸಾಲಿನಲ್ಲಿ ನಿಂತು "ಎಷ್ಟು ದಿನ ಇರ್ತೀರಿ, ಯಾಕೆ ಬಂದ್ರಿ" ಎಂಬ ಪ್ರಶ್ನೆಗೆ ಉತ್ತರಿಸುವುದು ಮತ್ತು ಅದನ್ನೇ ಅರ್ಧ ದಾರಿಯಲ್ಲಿ, ಸುಸ್ತಾಗುವ ಮೊದಲು ಮುಗಿಸುವುದು, ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಇಂಥ ಸೌಲಭ್ಯ ಡಬ್ಲಿನ್‌ನಲ್ಲೂ ಇದೆ, ಆದರೆ ನಮ್ಮ ಕಡೆಯಿಂದ ಅಲ್ಲಿಗೆ ಹೋಗುವುದು ಸುತ್ತು. ಒಂದೇ ಎಚ್ಚರಿಕೆ, ಅಬುಧಾಬಿಯಲ್ಲಿ ಬದಲಿಸಲು ಎರಡು ಗಂಟೆಗಿಂತ ಜಾಸ್ತಿ ಸಮಯ ಇಟ್ಟುಕೊಳ್ಳಿ, ಆ ತಪಾಸಣೆಗೂ ಹೊತ್ತು ಬೇಕು.

ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿದ್ದರೆ ಲೆಕ್ಕ ಬೇರೆ. ಗಲ್ಫ್‌ನಿಂದ ಅಲ್ಲಿಗೆ ಹದಿನಾರು ಗಂಟೆಯ ಹತ್ತಿರ. ಅವರು ಪೂರ್ವದ ದಾರಿ, ಅಂದ್ರೆ ಸಿಂಗಾಪುರ ಅಥವಾ ಟೋಕಿಯೋ ಕಡೆಯಿಂದ ಹೋಗುವುದನ್ನೂ ಹೋಲಿಸಿ ನೋಡಬೇಕು.

ಊಟದ ಕೋಡ್ ಸರಿಯಾಗಿ ಹಾಕಿಸಿ

ಸಸ್ಯಾಹಾರಿ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ದೊಡ್ಡಮ್ಮ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು. ಟ್ರಾವೆಲ್ಸ್‌ನವರು ಹಿಂದೂ ಮೀಲ್ ಎಂದು ಹಾಕಿದ್ದರು. ಹೆಸರು ನೋಡಿ ಎಲ್ಲರೂ ಸಮಾಧಾನವಾಗಿದ್ದೆವು. ವಿಮಾನದಲ್ಲಿ ಬಂದದ್ದು ಕೋಳಿ ಸಾರು. ಅವರು ಇಡೀ ದಾರಿ ಬಾಳೆಹಣ್ಣು, ಬ್ರೆಡ್ ತಿಂದು ಕಳೆದರು. ಎಚ್‌ಎನ್‌ಎಂಎಲ್ ಎಂಬ ಆ ಕೋಡ್‌ನ ಊಟದಲ್ಲಿ ದನದ ಮಾಂಸ ಇರುವುದಿಲ್ಲ, ಆದರೆ ಕೋಳಿ, ಕುರಿ, ಮೀನು ಇರಬಹುದು. ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಎವಿಎಂಎಲ್ ಬೇಕು, ಅದರಲ್ಲಿ ಅನ್ನ, ದಾಲ್, ಪಲ್ಯದ ರೀತಿಯ ಊಟ ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡದವರು ಜೈನರ ಊಟದ ವಿಜೆಎಂಎಲ್ ಹಾಕಿಸಬೇಕು. ವಿಜಿಎಂಎಲ್ ಹಾಕಿಸಿದರೆ ಹಾಲು, ಮೊಸರು, ತುಪ್ಪ ಏನೂ ಸಿಗುವುದಿಲ್ಲ. ಮಜ್ಜಿಗೆ ಇಲ್ಲದೆ ಊಟ ಮುಗಿಯದವರಿಗೆ ಅದು ಆಗದು.

ಬಿಸಿನೆಸ್ ಕ್ಲಾಸ್ ಆದರೂ ವಿಶೇಷ ಊಟ ತನ್ನಿಂತಾನೇ ಬರುವುದಿಲ್ಲ. ಕಡಿಮೆ ಅಂದ್ರೆ ಎರಡು ದಿನ ಮೊದಲು ಹೇಳಬೇಕು, ಮತ್ತು ಪ್ರತಿ ಹಾರಾಟಕ್ಕೂ ಬೇರೆ ಬೇರೆ ಹಾಕಿದ್ದಾರಾ ಎಂದು ನೋಡಬೇಕು. ಮೊದಲ ಹಾರಾಟ ಒಂದು ಕಂಪನಿಯದು, ಎರಡನೆಯದು ಅದರ ಜೊತೆಗಾರ ಕಂಪನಿಯದು ಆಗಿರುವಾಗ ಎರಡನೆಯದಕ್ಕೆ ಕೋಡ್ ಹೋಗದೇ ಇರುವುದು ಮಾಮೂಲು. ಆ ಕಂಪನಿಯ ಬುಕಿಂಗ್ ನಂಬರ್ ಬೇರೆ ಇರುತ್ತದೆ, ಅದನ್ನು ಕೇಳಿ ತೆಗೆದುಕೊಂಡು ಅವರ ವೆಬ್‌ಸೈಟಿನಲ್ಲೇ ನೋಡಿ.

ರುಚಿಯ ಮಾತು ಬಂದರೆ, ಭಾರತದಿಂದ ಹೊರಡುವ ಹಾರಾಟದಲ್ಲಿ ಯಾವ ಕಂಪನಿಯಾದರೂ ನಮ್ಮ ಊಟ ಚೆನ್ನಾಗಿಯೇ ಇರುತ್ತದೆ, ಇಲ್ಲಿನ ಅಡಿಗೆಮನೆಯಿಂದಲೇ ಬರುವುದಲ್ವಾ. ಅಟ್ಲಾಂಟಿಕ್ ಹಾರಾಟದಲ್ಲಿ ಹಾಗೆ ಹೇಳಲಾಗದು. ಗಲ್ಫ್ ಕಂಪನಿಗಳು ಇದರಲ್ಲಿ ಮುಂದೆ. ನಮ್ಮ ಜಿಲ್ಲೆಯ ಬ್ಯಾರಿ, ಮಾಪಿಳ್ಳೆ ಮನೆಗಳವರಿಗೆ ಅಲ್ಲಿ ಊಟವೆಲ್ಲ ಹಲಾಲ್, ಬೇರೆ ಹೇಳಬೇಕಿಲ್ಲ. ಯುರೋಪ್, ಅಮೆರಿಕದ ಕಂಪನಿಗಳಲ್ಲಿ ಎಂಒಎಂಎಲ್ ಹಾಕಿಸಬೇಕು.

ನಡೆಯುವ ದೂರ, ಗಾಲಿಕುರ್ಚಿ

ಲಂಡನ್ ಹೀತ್ರೂನಲ್ಲಿ ಬ್ರಿಟಿಷ್ ಏರ್‌ವೇಸ್ ಹೆಚ್ಚಾಗಿ ಟರ್ಮಿನಲ್ 5, ವರ್ಜಿನ್ ಟರ್ಮಿನಲ್ 3. ಎರಡೂ ಹಾರಾಟ ಒಂದೇ ಟರ್ಮಿನಲ್‌ನಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಬಸ್ಸು ಹತ್ತಬೇಕು, ಮತ್ತೆ ಸೆಕ್ಯುರಿಟಿ. ಫ್ರಾಂಕ್‌ಫರ್ಟ್‌ನಲ್ಲಿ ನಡೆದೇ ಸುಸ್ತು, ಎ ಮತ್ತು ಬಿ ಗೇಟುಗಳ ನಡುವೆ ಉದ್ದದ ಸುರಂಗ ದಾರಿ. ಪ್ಯಾರಿಸ್‌ನ 2ಇ ಟರ್ಮಿನಲ್‌ನಲ್ಲಿ ಮೂರು ಬೇರೆ ಬೇರೆ ಭಾಗ, ನಡುವೆ ರೈಲು. ಆಮ್‌ಸ್ಟರ್‌ಡ್ಯಾಮ್ ಎಲ್ಲ ಒಂದೇ ಕಟ್ಟಡದ ಅಡಿಯಲ್ಲಿ, ನಡೆಯಲು ಇದ್ದರೂ ದಾರಿ ತಪ್ಪುವ ಭಯ ಕಡಿಮೆ. ಹಿರಿಯರು ಇಬ್ಬರೇ ಹೋಗುವಾಗ ಯುರೋಪಿನ ಊರುಗಳಲ್ಲಿ ನನ್ನ ಆಯ್ಕೆ ಅದೇ.

ಬಿಸಿನೆಸ್ ಕ್ಲಾಸ್ ಇದ್ದರೂ ಗಾಲಿಕುರ್ಚಿ ಬುಕ್ ಮಾಡಿ. ಅದಕ್ಕೆ ದುಡ್ಡಿಲ್ಲ. ನಡೆಯಲು ಆಗುತ್ತದೆ, ದೂರ ಮಾತ್ರ ಕಷ್ಟ ಎನ್ನುವವರಿಗೆ ಒಂದು ಬಗೆ, ಮೆಟ್ಟಿಲು ಹತ್ತಲು ಆಗದವರಿಗೆ ಇನ್ನೊಂದು ಬಗೆ ಇದೆ. ಅಮ್ಮನ ಸ್ಥಿತಿ ನೋಡಿ ಸರಿಯಾದದ್ದನ್ನು ಹೇಳಿ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಏಣಿ ಹತ್ತಬೇಕಾಗಿ ಬಂದರೆ ಆಗ ಇದು ಮುಖ್ಯವಾಗುತ್ತದೆ. ಇನ್ಸುಲಿನ್, ಬಿ.ಪಿ. ಮಾತ್ರೆ ಕೈಚೀಲದಲ್ಲೇ ಇರಲಿ. ಹಾಸಿಗೆ ಸಿಕ್ಕಿತೆಂದು ಒಂದೇ ಮಗ್ಗುಲಿಗೆ ಮಲಗಿರಬಾರದು, ಎದ್ದಾಗಲೆಲ್ಲ ನಾಲ್ಕು ಹೆಜ್ಜೆ ನಡೆಯಬೇಕು.

ಟಿಕೆಟ್ ಒಂದೇ ಇರಲಿ

ಮಂಗಳೂರಿನಿಂದ ದುಬೈಗೆ ಅಗ್ಗದ ಟಿಕೆಟ್, ಅಲ್ಲಿಂದ ಅಮೆರಿಕಕ್ಕೆ ಬೇರೆ ಬಿಸಿನೆಸ್ ಟಿಕೆಟ್ ತೆಗೆದರೆ ದುಡ್ಡು ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಉಳಿಯಬಹುದು. ಆದರೆ ಮಳೆಗಾಲದಲ್ಲಿ ಬಜ್ಪೆಯ ರನ್‌ವೇ ಮೇಲೆ ಮಂಜು ಕೂತು ವಿಮಾನ ತಡವಾದರೆ ಎರಡನೇ ಕಂಪನಿ ಕಾಯುವುದಿಲ್ಲ, ಟಿಕೆಟ್ ಹೋದ ಹಾಗೆಯೇ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೀಗೆ ಮಾಡಿದರೆ ಇನ್ನೂ ಕಷ್ಟ. ಬ್ಯಾಗ್ ತೆಗೆದುಕೊಂಡು ಮತ್ತೆ ಕೊಡಲು ಹೊರಗೆ ಹೋಗಬೇಕು, ಅದಕ್ಕೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಬೇಕು. ಅಮೆರಿಕದ ವೀಸಾ ಇದೆ ಎಂಬುದು ಅಲ್ಲಿ ಸಾಲದು. ಊರಿನಿಂದ ಅಮೆರಿಕದ ತನಕ ಒಂದೇ ಟಿಕೆಟ್ ಇದ್ದರೆ ಒಂದು ವಿಮಾನ ತಪ್ಪಿದರೂ ಇನ್ನೊಂದಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಏರ್ ಫ್ರಾನ್ಸ್, ಕೆಎಲ್‌ಎಂ, ಕತಾರ್, ವರ್ಜಿನ್‌ನಂಥ ಕಂಪನಿಗಳಿಗೆ ಇಂಡಿಗೋ ಜೊತೆ ಒಪ್ಪಂದ ಇದೆ, ಮಂಗಳೂರಿನಿಂದಲೇ ಸೇರಿಸಿ ಕೊಡಲು ಆಗುತ್ತದಾ ಎಂದು ಕೇಳಿ.

ಬೆಂಗಳೂರಿನಲ್ಲಿ ವಿದೇಶಿ ಹಾರಾಟಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಹೋಗಿವೆ. ಇಂಡಿಗೋದ ದೇಶೀಯ ವಿಮಾನಗಳು ಟರ್ಮಿನಲ್ 1ರಲ್ಲಿ. ನಡುವೆ ಬಸ್ಸು ಇದೆ, ಆದರೆ ನಾಲ್ಕು ಗಂಟೆಯ ಅಂತರ ಇಲ್ಲದೆ ಹಿರಿಯರನ್ನು ಕಳಿಸಬೇಡಿ. ಕಾಸರಗೋಡಿನಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿ ನೆಂಟರ ಮನೆಯಲ್ಲಿ ಒಂದು ದಿನ ಸುಧಾರಿಸಿಕೊಂಡು ಹೊರಡುವವರೂ ಇದ್ದಾರೆ. ಮಳೆಗಾಲದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಗುಡ್ಡ ಜರಿದರೆ ರೈಲು ನಿಲ್ಲುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಒಂದು ದಿನದ ಬಿಡುವು ಇರಲೇಬೇಕು.

ಬುಕ್ ಮಾಡಿದ ಮೇಲೂ ವಿಮಾನದ ಮಾದರಿ ಬದಲಾಗುತ್ತದೆ. ತಿಂಗಳಿಗೊಮ್ಮೆ, ಮತ್ತೆ ಹೊರಡುವ ವಾರದಲ್ಲಿ ದಿನ ಬಿಟ್ಟು ದಿನ ನಕ್ಷೆ ತೆರೆದು ನೋಡಿ. ಆರಿಸಿದ ಸೀಟಿನ ನಂಬರ್ ಹಾಗೇ ಇದ್ದು ವಿಮಾನ ಬದಲಾಗಿದ್ದರೆ ಕಿಟಕಿ ಬದಿಯದ್ದು ನಡುವಿಗೆ ಬಂದಿರಬಹುದು. ಕೂಡಲೇ ಫೋನ್ ಮಾಡಿದರೆ ಸರಿ ಮಾಡಿಸಬಹುದು, ವಿಮಾನ ನಿಲ್ದಾಣದಲ್ಲಿ ಹೇಳಿದರೆ ಹೆಚ್ಚಿನ ಸಲ ತಡವಾಗಿರುತ್ತದೆ.

ವಾಪಸ್ ಬರುವಾಗ ಲಗೇಜ್ ಲೆಕ್ಕ ಇಟ್ಟುಕೊಳ್ಳಿ. ಅಮೆರಿಕದ ಬಿಸಿನೆಸ್ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 32 ಕೆ.ಜಿ.ಯ ಎರಡು ಬ್ಯಾಗ್. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕಸ್ಟಮ್ಸ್‌ಗಾಗಿ ಅವನ್ನು ಕೈಗೆ ತೆಗೆದುಕೊಂಡು ಮತ್ತೆ ಮಂಗಳೂರಿನ ವಿಮಾನಕ್ಕೆ ಕೊಡಬೇಕು. ಟಿಕೆಟ್ ಒಂದೇ ಆಗಿದ್ದರೆ ಅಷ್ಟೂ ತೂಕ ನಡೆಯುತ್ತದೆ. ಮಂಗಳೂರಿನ ಟಿಕೆಟ್ ಬೇರೆ ತೆಗೆದಿದ್ದರೆ 15 ಕೆ.ಜಿ. ಮಾತ್ರ, ಉಳಿದದ್ದಕ್ಕೆ ಕೆ.ಜಿ. ಲೆಕ್ಕದಲ್ಲಿ ದುಡ್ಡು. ಇಬ್ಬರ ಸಾಮಾನು ಪೂರ್ತಿ ಇದ್ದರೆ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುವುದೇ ಅದಕ್ಕಿಂತ ಅಗ್ಗ ಆದೀತು.